ದಂತದ ಮಣಿಯಲ್ಲಿ ಒಟಿಲಿಯಾಳ ಮುಖ

ಒಟಿಲಿಯಾ ಮದುವೆಯಾಗಿ ಬಂದ ಮನೆಯಲ್ಲಿ ತಲೆಬುರುಡೆಗಳಿಗೆ ಬರವಿರಲಿಲ್ಲ. ಮೈನ್ ನದಿಯ ದಡದ ಆ ಊರಿನಲ್ಲಿ ಅವಳ ಗಂಡ ಲೀನ್‌ಹಾರ್ಟ್ ದಂತದ ಕೆತ್ತನೆಗೆ ಹೆಸರಾದವನು. ಜಪಸರದ ತುದಿಗೆ ಕಟ್ಟುವ ದೊಡ್ಡ ಮಣಿಗಳನ್ನು ಮಾಡುತ್ತಿದ್ದ. ಒಂದು ಮಗ್ಗುಲಲ್ಲಿ ಚೆಲುವೆಯ ಮುಖ, ತಿರುಗಿಸಿದರೆ ಹುಳು ಹರಿದಾಡುವ ಬುರುಡೆ. ಪ್ರಾರ್ಥಿಸುವ ಬೆರಳಿಗೆ ಸಾವು ತಾಕುತ್ತಿದ್ದರೆ ಸೊಕ್ಕು ಇಳಿಯುತ್ತದೆಂದು ಸಿರಿವಂತರು ಅವನ್ನು ಹೇಳಿ ಮಾಡಿಸಿಕೊಳ್ಳುತ್ತಿದ್ದರು. ಸುಣ್ಣದ ಪುಡಿ ಹಚ್ಚಿದ ಒದ್ದೆ ಬಟ್ಟೆಯಿಂದ ಉಜ್ಜಿ ಹೊಳಪು ಕೊಡುವುದು ಒಟಿಲಿಯಾಳ ಕೆಲಸ. ಪಕ್ಕದ ಮನೆಯವಳೊಡನೆ ಹರಟುತ್ತಲೇ ಹುಳುಗಳ ಸಂದುಗೊಂದನ್ನೆಲ್ಲ ಒರೆಸಿ ಮುಗಿಸುತ್ತಿದ್ದಳು.

ಒಂದು ಚಳಿಗಾಲದ ಬೆಳಿಗ್ಗೆ, ದೊಡ್ಡ ಮನೆಯ ಹೆಂಗಸೊಬ್ಬಳು ಮಾಡಿಸಿದ ಮಣಿಯನ್ನು ಉಜ್ಜುತ್ತಿದ್ದಾಗ ಬುರುಡೆಯ ಮುಂದಿನ ಹಲ್ಲು ಹೆಬ್ಬೆರಳಿಗೆ ಚುಚ್ಚಿತು. ಮೂಲೆ ಮುರಿದ ಹಲ್ಲು. ಹುಡುಗಿಯಾಗಿದ್ದಾಗ ಹೆಪ್ಪುಗಟ್ಟಿದ ಹೊಳೆಯ ಮೇಲೆ ಜಾರಿಬಿದ್ದು ಅವಳ ಹಲ್ಲು ಮುರಿದದ್ದೂ ಅದೇ ಕಡೆ. ನಾಲಗೆ ತಾನಾಗಿ ಅತ್ತ ಹೋಯಿತು. ಮಣಿ ತಿರುಗಿಸಿದಳು. ಗದ್ದದ ಮಚ್ಚೆ, ತುಸು ಮೇಲೆದ್ದ ಎಡಹುಬ್ಬು, ತನ್ನದೇ ಮುಖ.

ಒಲೆಯ ಮೇಲೆ ಬಟಾಣಿ ಸಾರು ತಳ ಹಿಡಿದು ಸೀದ ವಾಸನೆ ಬಂದರೂ ಏಳಲಾಗಲಿಲ್ಲ. ಗಂಡ ಒಳಬಂದಾಗ ಅಂಗೈ ಚಾಚಿ ತೋರಿಸಿದಳು.

“ಇದು ನಾನಾ?”

ಲೀನ್‌ಹಾರ್ಟ್ ಸುಳ್ಳು ಹೇಳಲಿಲ್ಲ. “ಸಾವು ನಿಜದ ಹಾಗೇ ಇರಬೇಕು ಅಂದ್ರು ಆಯಮ್ಮ. ಚರ್ಮದ ಕೆಳಗೆ ಮೂಳೆ ಎಲ್ಲೆಲ್ಲಿದೆ ಅಂತ ನನಗೆ ಗೊತ್ತಿರೋದು ನಿನ್ನೊಬ್ಬಳದ್ದೇ ಕಣೆ.”

“ಹಾಗಾದ್ರೆ ಇಷ್ಟು ವರ್ಷ ಎದುರಿಗೆ ಕೂತು ಉಣ್ಣೋವಾಗ ನೀವು ನೋಡ್ತಿದ್ದದ್ದು ಇದನ್ನೇನಾ ರೀ?”

ಅವನು ಮೆಚ್ಚುಗೆಯ ಮಾತಿಗೆ ಕಾದಿದ್ದ.

ಆಮೇಲೆ ಬಹಳ ದಿನ ಒಟಿಲಿಯಾ ನೀರಿನ ತೊಟ್ಟಿಗೆ ಬಗ್ಗಲಿಲ್ಲ. ಮುಖ ತೊಳೆಯುವಾಗ ಕೆನ್ನೆಯ ಕೆಳಗಿನ ಎಲುಬು ಸಿಕ್ಕಿದರೆ ಬೆಚ್ಚುತ್ತಿದ್ದಳು. ಅಷ್ಟರಲ್ಲಿ ಮಣಿ ಕೊಂಡವರ ಮನೆ ಸೇರಿತು. ಯಾರೋ ಗುರುತಿಲ್ಲದ ಹೆಂಗಸು ತನ್ನನ್ನು ತಿರುಗಿಸಿ ತಿರುಗಿಸಿ ಕೊಲ್ಲುತ್ತಿದ್ದಾಳೆ ಅನಿಸುತ್ತಿತ್ತು.

ಕಡೆಗೊಂದು ದಿನ ಗಂಡನ ಮುಂದೆ ಕನ್ನಡಿ ಇಟ್ಟು, ಈಗ ನಿಮ್ಮ ಬುರುಡೆಯನ್ನು ಕೆತ್ತಿ ಎಂದಳು. ಅವನು ಸಂಜೆಯವರೆಗೂ ಕೂತ. ಹಣೆ ಮೂಡಿತು, ಕಣ್ಣಿನ ಗುಳಿ ಮೂಡಿತು. ಅಲ್ಲಿಗೆ ಉಳಿ ಕೈಜಾರಿತು. ಆ ಚಳಿಯಲ್ಲೂ ಅವನ ಕುತ್ತಿಗೆ ಬೆವೆತಿತ್ತು.

“ನನ್ನ ಕೈಲಾಗಲ್ಲ, ಒಟಿಲಿಯಾ,” ಎಂದು ಅವಳ ಮಡಿಲಲ್ಲಿ ತಲೆಯಿಟ್ಟ.

ಅವಳು ಅವನನ್ನು ಕ್ಷಮಿಸಿದಳು, ಆದರೆ ಬುರುಡೆಗೆ ಹೊಳಪು ಕೊಡುವ ಕೆಲಸವನ್ನು ಮತ್ತೆ ಮುಟ್ಟಲಿಲ್ಲ. ಪ್ಲೇಗು ಬಂದ ವರ್ಷ ಲೀನ್‌ಹಾರ್ಟ್ ಹೋದ. ಕೆಲಸಗಾರರನ್ನು ಇಟ್ಟುಕೊಂಡು ಅಂಗಡಿ ನಡೆಸಿದವಳು ಅವಳೇ. ಬದುಕಿರುವವರ ಮುಖವನ್ನು ಮಾತ್ರ ಅಲ್ಲಿ ಯಾರೂ ಕೆತ್ತಲಿಲ್ಲ.