ಮತ್ತೋಡಿನ ಮಂಕು ಟಿವಿ

2014ರಲ್ಲಿ ನಾನು ಚಿತ್ರದುರ್ಗದ ಒಂದು ಟಿವಿ ಸರ್ವಿಸ್ ಸೆಂಟರಿನಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳೂ ನನ್ನ ಪಾಲಿಗಿದ್ದವು. ಕಪ್ಪು ಬಿಳುಪಿನ ಪೆಟ್ಟಿಗೆ ಟಿವಿಯಿಂದ ಹಿಡಿದು ಗೋಡೆಗೆ ನೇತುಹಾಕುವ ಎಲ್‌ಇಡಿವರೆಗೆ ಎಲ್ಲವನ್ನೂ ಬಿಚ್ಚಿ ನೋಡಿದ್ದ ನನಗೆ ಅಷ್ಟರಲ್ಲಿ ಒಂದು ಚಟ ಅಂಟಿಕೊಂಡಿತ್ತು. ನೆಂಟರ ಮನೆಗೆ ಊಟಕ್ಕೆ ಹೋದರೂ ಎಲೆ ಹಾಕುವ ಮೊದಲು ಅವರ ಟಿವಿಯ ಬಣ್ಣ ತಿದ್ದುತ್ತಿದ್ದೆ. ಅಂಗಡಿಯವರು ಗಿರಾಕಿಯ ಕಣ್ಣು ಸೆಳೆಯಲು ಟಿವಿಯನ್ನು ‘ವಿವಿಡ್’ ಮೋಡಿನಲ್ಲಿ ಇಟ್ಟಿರುತ್ತಾರೆ. ಅದರಲ್ಲಿ ಬಣ್ಣ, ಬೆಳಕು ಎರಡೂ ಹದ ಮೀರಿರುತ್ತವೆ. ಜನ ಅದನ್ನು ಹಾಗೇ ತಂದು ವರ್ಷಗಟ್ಟಲೆ ನೋಡುತ್ತಾರೆ. ಕಂಡರೆ ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ಆಯುಧಪೂಜೆ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಿಂದ ತಿಪ್ಪೇಸ್ವಾಮಿ ಎಂಬ ರೈತರು ಫೋನ್ ಮಾಡಿದರು. ಅವರ ಮಗಳು ಮಂಜುಳಾ ಕಬಡ್ಡಿ ಆಟಗಾರ್ತಿ. ರಾಜ್ಯ ತಂಡಕ್ಕೆ ಆಯ್ಕೆಯಾಗಿ ಉತ್ತರದ ಕಡೆ ಎಲ್ಲೋ ಆಡಲು ಹೋಗಿದ್ದಳು. ಅಂದು ಸಂಜೆ ನಾಲ್ಕಕ್ಕೆ ಅವಳ ಪಂದ್ಯದ ನೇರ ಪ್ರಸಾರವಿತ್ತು. ಹೊಲ, ಎಮ್ಮೆ ಬಿಟ್ಟು ಹೋಗಲಾರದ ಅಪ್ಪ ಅಮ್ಮ ಮಗಳ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಅದಕ್ಕೆಂದೇ ಕೊಂಡಿದ್ದ ಟಿವಿ ಹಬ್ಬದ ದಿನದಿಂದ ಮಂಕಾಗಿತ್ತು. ಅಂಗಡಿಯವರು ಬಂದು ನೋಡದೆಯೇ, ಪ್ಯಾನೆಲ್ ಹೋಗಿದೆ, ಬೇರೆ ಬರಬೇಕಾದರೆ ತಿಂಗಳಾಗುತ್ತದೆ ಎಂದು ಕೈ ತೊಳೆದುಕೊಂಡಿದ್ದರು. ಪ್ಯಾನೆಲ್ ಎಂದರೆ ಚಿತ್ರ ಮೂಡುವ ಪರದೆ. ಪಕ್ಕದ ಮನೆಯಲ್ಲಿ ನೋಡಬಾರದೇ ಎಂದು ಕೇಳಿದೆ.

“ಕೇರಿಯೋರ್ನೆಲ್ಲ ನಮ್ಮನೆಗೆ ಕರ್ದೀನ್ರಿ. ಈಗ ನಾನೇ ಹೋಗಿ ಇನ್ನೊಬ್ರ ಮನ್ಯಾಗೆ ಕುಂತ್ಕಳ್ಲಾ?” ಎಂದರು.

ನಾನು ತಲುಪಿದಾಗ ಎರಡೂವರೆ ದಾಟಿತ್ತು. ಟಿವಿ ಹಾಕಿದೆ. ಚಿತ್ರ ಒಂದು ಕ್ಷಣ ಬೆಳ್ಳಗೆ ಮೂಡಿ, ಆಮೇಲೆ ಮೆಲ್ಲಗೆ ಇಳಿದು ಮಬ್ಬಾಯಿತು. ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ಬೆಳಕನ್ನು ನೂರಕ್ಕೆ ಏರಿಸಿದರೂ ಮಬ್ಬು ಹಾಗೇ ಇತ್ತು. ಪ್ಯಾನೆಲ್ ಸತ್ತಿದ್ದರೆ ಆ ಮೊದಲ ಕ್ಷಣದ ಬೆಳಕು ಎಲ್ಲಿಂದ ಬರಬೇಕು? ನನಗೆ ಅನುಮಾನ ಬಂದು ಬಗ್ಗಿ ಕೆಳಗಿನ ಚೌಕಟ್ಟು ನೋಡಿದೆ. ನಟ್ಟನಡುವೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ದಪ್ಪ ಕುಂಕುಮ. ಟ್ರ್ಯಾಕ್ಟರಿಗೆ ಇಟ್ಟ ಹಾಗೆ ಟಿವಿಗೂ ಇಟ್ಟಿದ್ದರು. ಸರಿಯಾಗಿ ಅದರ ಹಿಂದೆಯೇ ಲೈಟ್ ಸೆನ್ಸರ್ ಇತ್ತು. ಕೋಣೆಯ ಬೆಳಕನ್ನು ಅಳೆದು, ಕತ್ತಲಿದ್ದರೆ ಚಿತ್ರವನ್ನು ತಗ್ಗಿಸುವುದು ಅದರ ಕೆಲಸ. ಹಬ್ಬದ ದಿನದಿಂದ ಅದರ ಪಾಲಿಗೆ ಆ ಮನೆಯಲ್ಲಿ ಅಮಾವಾಸ್ಯೆ.

ನಗು ತಡೆದುಕೊಂಡು ಬ್ಯಾಗಿನಿಂದ ಒರೆಸುವ ಬಟ್ಟೆ ತೆಗೆದೆ. ತಿಪ್ಪೇಸ್ವಾಮಿಯವರ ಹೆಂಡತಿ ಗಂಗಮ್ಮ ಅಡಿಗೆಮನೆಯಿಂದ ಬಂದು ಅಡ್ಡ ನಿಂತರು.

“ಒರೆಸ್ಬ್ಯಾಡಣ್ಣ. ಮಗಳು ಅಖಾಡಕ್ಕಿಳಿಯೋ ದಿನ ಮನೆ ಕುಂಕುಮ ಅಳಿಸ್ತಾರಾ?”

ನನಗೆ ಸಿಟ್ಟೇ ಬಂತು. ಒಂದು ಸಲ ಒರೆಸಿದರೆ ಮುಗಿಯುವ ಕೆಲಸ. ಆದರೆ ಆಕೆಯ ಮುಖದಲ್ಲಿದ್ದ ಭಯ ನೋಡಿ ಬಟ್ಟೆ ಜೇಬಿಗೆ ಸೇರಿಸಿದೆ. ಸೆನ್ಸರಿನ ಕಣ್ಣು ತೆರೆಯುವುದು ಬೇಡವಾದರೆ ಅದರ ಮಾತು ಕೇಳಬೇಡ ಎಂದು ಟಿವಿಗೆ ಹೇಳಬೇಕು. ಸೆನ್ಸರಿನ ಆಯ್ಕೆಯನ್ನು ಪಿಕ್ಚರ್ ಮೆನುವಿನಲ್ಲಿ ಹುಡುಕಿದೆ, ಇಲ್ಲ. ಕೊನೆಗೆ ವಿದ್ಯುತ್ ಉಳಿತಾಯದ ಮೆನುವಿನಲ್ಲಿ ಅಡಗಿ ಕುಳಿತಿತ್ತು. ಆಫ್ ಮಾಡಿದ್ದೇ ತಡ, ಚಿತ್ರ ಬೆಳಗಿತು. ವಿಭೂತಿ ಇದ್ದಲ್ಲೇ ಇತ್ತು. ಗಂಗಮ್ಮ ಕೈ ಮುಗಿದರು, ನನಗೋ ಟಿವಿಗೋ ಗೊತ್ತಾಗಲಿಲ್ಲ.

ಹಾಗೇ ಬಿಟ್ಟು ಬರುವ ಜಾಯಮಾನ ನನ್ನದಲ್ಲ. ನನ್ನ ಪೆನ್‌ಡ್ರೈವಿನಲ್ಲಿ ಕರಿ ಕಂಬಳಿ, ಬಿಳಿ ಪಂಚೆ ಅಕ್ಕಪಕ್ಕ ಇರುವ ಫೋಟೊ ಇತ್ತು. ಕಂಬಳಿಯ ಮಡಿಕೆ ಕಾಣುವವರೆಗೆ ಬ್ರೈಟ್‌ನೆಸ್, ಪಂಚೆಯ ಸುಕ್ಕು ಕಾಣುವವರೆಗೆ ಕಾಂಟ್ರಾಸ್ಟ್ ಹೊಂದಿಸಿದೆ. ಶಾರ್ಪ್‌ನೆಸ್ ಇಳಿಸಿ, ನೀಲಿ ಛಾಯೆ ಹೋಗುವಂತೆ ಕಲರ್ ಟೆಂಪರೇಚರನ್ನು ‘ವಾರ್ಮ್’ಗೆ ತಂದೆ. ತಿಪ್ಪೇಸ್ವಾಮಿಗೆ ಹಿಡಿಸಲಿಲ್ಲ. ಸಪ್ಪೆಯಾಯಿತು, ಅಂಗಡಿಯಲ್ಲಿದ್ದ ಹಾಗೆ ಮಿರಮಿರ ಮಿಂಚಲಿ ಎಂದರು. ಸೇರಿದ್ದ ಕೇರಿಯವರೂ ತಲೆಯಾಡಿಸಿದರು. ಅವರ ಟಿವಿ, ಅವರ ಇಷ್ಟ. ಹಲ್ಲು ಕಚ್ಚಿಕೊಂಡು ವಿವಿಡ್‌ಗೆ ಹಾಕಿದೆ.

ನಾಲ್ಕಕ್ಕೆ ಹುಡುಗಿಯರು ಸಾಲಾಗಿ ನಿಂತರು. ವಿವಿಡ್‌ನ ಅತಿ ಬೆಳಕಿಗೆ, ಪೌಡರ್ ಬಳಿದಂತೆ ಎಲ್ಲರ ಮುಖವೂ ಒಂದೇ ಬಿಳುಪು. ಗಂಗಮ್ಮ ಪರದೆಯ ಹತ್ತಿರಕ್ಕೇ ಹೋದರು.

“ಇದ್ರಾಗೆ ನಮ್ ಮಂಜಿ ಯಾರು?”

ಇಷ್ಟು ಕಾದ ತಾಯಿಗೆ ಮಗಳ ಗುರುತೇ ಸಿಗುತ್ತಿಲ್ಲ. ಯಾರನ್ನೂ ಕೇಳದೆ ರಿಮೋಟ್ ಒತ್ತಿ ನನ್ನ ಸೆಟ್ಟಿಂಗಿಗೆ ತಂದೆ. ಬಿಳುಪು ಇಳಿದು ಮುಖಗಳಿಗೆ ಅವರವರ ಬಣ್ಣ ಬಂತು. ಒಬ್ಬಳು ಗೋಧಿ ಬಣ್ಣ, ಒಬ್ಬಳು ಎಣ್ಣೆಗೆಂಪು. ಕ್ಯಾಮೆರಾ ಮೂರನೆಯವಳ ಮೇಲೆ ಬಂದಾಗ ಗಂಗಮ್ಮ ಪರದೆಗೆ ಬೆರಳಿಟ್ಟರು.

“ಅಗೋ ನಮ್ ಮಂಜಿ. ಬಿಸ್ಲಾಗೆ ಆಡಿ ಕರ್ರಗಾಗಿರಾದು ಹಂಗೇ ಐತೆ.”

ತಿಪ್ಪೇಸ್ವಾಮಿ ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು, ಇನ್ನು ಯಾರೂ ಮುಟ್ಟದಂತೆ ದೇವರ ಗೂಡಿನಲ್ಲಿಟ್ಟರು. ಮಂಜುಳಾ ಮೊದಲ ರೈಡಿನಲ್ಲೇ ಇಬ್ಬರನ್ನು ಔಟ್ ಮಾಡಿ ಬಂದಳು. ಮನೆ ಹಾರಿಹೋಗುವ ಹಾಗೆ ಕೂಗಿದರು, ನಾನೂ ಕೂಗಿದೆ. ಪಂದ್ಯವನ್ನೂ ಅವಳ ತಂಡವೇ ಗೆದ್ದಿತು. ಹೋಳಿಗೆ ತಿನ್ನದೆ ಹೊರಡಲು ಗಂಗಮ್ಮ ನನ್ನನ್ನು ಬಿಡಲಿಲ್ಲ.

ಬಣ್ಣ ಅಳೆಯಲು ದುಬಾರಿ ಮೀಟರುಗಳಿವೆ, ನಾನೂ ಬಳಸಿದ್ದೇನೆ. ಆದರೆ ಮತ್ತೋಡಿನ ನಂತರ ನಿವೃತ್ತಿಯವರೆಗೂ ಒಂದು ರೂಢಿ ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಆ ಮನೆಯವರದೇ ಒಂದು ಫೋಟೊವನ್ನು ಟಿವಿಯಲ್ಲಿ ಹಾಕಿ ಮನೆಯಾಕೆಯನ್ನು ಕರೆಯುತ್ತಿದ್ದೆ. ‘ಹೌದು, ಇದು ನಮ್ಮ ಮಗುವೇ’ ಎಂದು ಆಕೆ ಹೇಳಿದ ಮೇಲೆಯೇ ಬ್ಯಾಗಿನ ಜಿಪ್ ಎಳೆಯುತ್ತಿದ್ದೆ.