ಎತ್ತದ ಫೋನು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನಮ್ಮ ಸೋದರಮಾವ. ಯಾದಗಿರಿ ಕಡೆಯಿಂದ ನಮ್ಮನ್ನು ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಕರೆತಂದ ಮೇಸ್ತ್ರಿಯೂ ಅವರೇ.

"ಬುಟ್ಟಿ ಹೊರೂ ಮನ್ಯಾಗ ಡಿಗ್ರಿ? ಆಕಿ ಪಾಸಾದ್ರ ನಾ ಮೀಸಿ ಬೋಳಸ್ತೀನಿ" ಎಂದು ನಾವಿದ್ದ ಕುಷಾಯಿಗೂಡದ ಚಹಾದಂಗಡಿಯಲ್ಲಿ ಎಲ್ಲರೆದುರು ಅಂದಿದ್ದರು.

ಆ ವರ್ಷವೇ ಅಣ್ಣ ಓದು ಬಿಟ್ಟು ಅರೆಸೇನಾ ಪಡೆ ಸೇರಿದ. ನಾನು ಓದಿದ್ದು ಅವನ ಸಂಬಳದಲ್ಲಿ.

ಭಾನುವಾರಕ್ಕೊಮ್ಮೆ ಅವನು ಒಂದು ರಿಂಗು ಕೊಡುತ್ತಿದ್ದ. ಕೊಟ್ಟರೆ ಕ್ಷೇಮ ಎಂದರ್ಥ, ಎತ್ತಬಾರದು. ಅವ್ವನ ನಿಯಮ ಅದು. "ದನಿ ಕೇಳಿದ್ರ ನಾ ಅಳ್ತೀನಿ. ಗಡ್ಯಾಗಿರೋ ಮಗನ ಕಿವ್ಯಾಗ ಅಳು ಬೀಳಬಾರದು."

ನಾನು ಕೊನೆಯ ಪರೀಕ್ಷೆ ಪಾಸಾದ ಹೊತ್ತಿಗೆ, ಛತ್ತೀಸಗಡದ ಗಡಿಯ ಗುಡ್ಡಗಳಲ್ಲಿದ್ದ ಬಂಡುಕೋರರನ್ನು ಪಡೆಗಳು ಸುತ್ತುವರಿದವು. ಅಣ್ಣ ಅಲ್ಲಿದ್ದ. ಮೂರು ಭಾನುವಾರ ರಿಂಗು ಬರಲಿಲ್ಲ. ಟಿವಿಯಲ್ಲಿ ಹೆಲಿಕಾಪ್ಟರು, ಹೊಗೆ, ಆಮೇಲೆ ಮುಖ ಮುಚ್ಚಿ ಸಾಲಾಗಿ ಮಲಗಿಸಿದ ಹೆಣಗಳು. ಅವ್ವ ಕಾಲುಗಳನ್ನಷ್ಟೇ ನೋಡಿದಳು.

"ಬೂಟಿಲ್ಲ. ನಮ್ಮಂವ ಅಲ್ಲ" ಎಂದು ರೊಟ್ಟಿ ಬಡಿಯಲು ಕೂತಳು. ನಾನೂ ಉಂಡೆ. ಅವರೂ ಯಾರದೋ ಮನೆಯ ಮಕ್ಕಳೆಂದು ಆ ದಿನ ನನಗೆ ಹೊಳೆಯಲಿಲ್ಲ.

ಕಾಲೇಜಿನಲ್ಲಿ ಪದವಿ ಪತ್ರ ಕೊಡುವ ದಿನ, ಮನೆಗಿದ್ದ ಒಂದೇ ಫೋನನ್ನು ಅವ್ವನ ಬಳಿ ಬಿಟ್ಟು ಹೋದೆ. ಮರಳಿ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಎಷ್ಟೋ ದಿನದ ಮೇಲೆ ನಗುತ್ತಿದ್ದಳು.

"ನಿಮ್ಮಣ್ಣ ಚಲೋ ಅದಾನ! ಮೂರು ಸಲ ರಿಂಗ್ ಹೊಡದಾನ, ಪೂರಾ ಪೂರಾ. ಇವತ್ತ ನಿನ್ನ ದಿನ ಅಂತ ನೆನಪಿಟ್ಟಾನ. ನಾ ಎತ್ತಲಿಲ್ಲ."

ಅವ್ವನಿಗೆ ಅಂಕಿ ಓದಲು ಬಾರದು. ನಂಬರು ಅಣ್ಣನದಾಗಿರಲಿಲ್ಲ. ತಿರುಗಿ ಮಾಡಿದೆ. ಯಾರೋ ಹಿಂದಿಯಲ್ಲಿ ಮಾತಾಡಿದರು. ನೆಲಬಾಂಬು, ಎಡಗಾಲು. ಇಲ್ಲೇ ಹೈದರಾಬಾದಿನ ಆಸ್ಪತ್ರೆಗೆ ತಂದಿದ್ದಾರೆ. ಕಾಲು ತೆಗೆಯುವ ಮುಂಚೆ ಅವ್ವನ ಜೊತೆ ಮಾತಾಡಬೇಕೆಂದು ಅವನೇ ಫೋನು ಮಾಡಿಸಿದ್ದನಂತೆ. ಈಗ ಆಪರೇಷನ್ನಿಗೆ ಒಳಗೆ ಒಯ್ದಾಯಿತು.

ಅವ್ವನಿಗೆ ಹೇಳಿದೆ. ಅವಳು ಅಳಲಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿ ಕಪಾಟಿನ ಮೇಲಿಟ್ಟಳು.

ಎರಡು ದಿನದ ಮೇಲೆ ನಮ್ಮನ್ನು ಅಣ್ಣನ ಬಳಿ ಬಿಟ್ಟರು. ಹೊದಿಕೆ ಎಡಗಡೆ ಮೊಣಕಾಲಿನ ಕೆಳಗೆ ಸಪಾಟಾಗಿತ್ತು. ಅವ್ವ ಬಲಗಾಲನ್ನು ಹಿಡಿದು ಕೂತಳು. ನಾನು ಪದವಿ ಪತ್ರವನ್ನು ಅಣ್ಣನ ಕೈಗೆ ಕೊಟ್ಟೆ. ಅವನು ನನ್ನ ಹೆಸರಿನ ಮೇಲೆ ಬೆರಳಿಟ್ಟು, ಮೆಲ್ಲಗೆ ಕೊನೆಯ ಸಹಿಯವರೆಗೂ ಓದಿದ.

"ಮಾವಗ ಹೇಳು, ಮೀಸಿ ಬೋಳಸಂತ" ಎಂದ. ಆಮೇಲೆ ಅವ್ವನ ಕಡೆ ತಿರುಗಿದ. "ಯವ್ವಾ, ಇನ್ನ ಫೋನ್ ಎತ್ತು. ಅತ್ತರೂ ನಡೀತೈತಿ."