ಬಿಸಿ ಗಾಳಿ ಯಾರ ಮನೆಗೆ

ಇದು ಎರಡು ವರ್ಷದ ಹಿಂದಿನ ಮಾತು. ಕೊಪ್ಪಳದಲ್ಲಿ ನನ್ನದು ಎಸಿ ರಿಪೇರಿಯ ಅಂಗಡಿ. ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಿಗೂ ನಾನೇ ಹೋಗುತ್ತೇನೆ. ಶಿವರಾತ್ರಿ ಮುಗಿಯಿತೆಂದರೆ ನಮ್ಮ ಫೋನಿಗೆ ಬಿಡುವಿಲ್ಲ. ವರ್ಷವಿಡೀ ನೆನಪಾಗದ ಮಿಸ್ತ್ರಿ ಆಗ ಎಲ್ಲರಿಗೂ ಈಗಿಂದೀಗಲೇ ಬೇಕು.

ಕುಷ್ಟಗಿಯ ಬಸವರಾಜಪ್ಪನವರದು ಬೀಜ, ಗೊಬ್ಬರದ ವ್ಯಾಪಾರ. ಎಸಿ ನೋಡಲು ಹೋದರೆ ಬಾಗಿಲಲ್ಲೇ ಜಗಳ ತೆಗೆದರು.

"ಹೋದ ಬ್ಯಾಸಗ್ಯಾಗ ಮ್ಯಾಲಿಂದ ಮ್ಯಾಲೆ ಬಂದ್ ಆತು. ನಿಮ್ಮಂಥವ್ರು ಗ್ಯಾಸ್ ಕದ್ದೇ ಹಿಂಗಾಗೈತಿ. ಮೊಮ್ಮಗ ಬಂದಾನ, ಮೈತುಂಬ ಬೆವರುಸಾಲಿ. ಇವತ್ತು ಛಲೋ ಆಗಬೇಕು ನೋಡ್ರಿ!"

ಆ ಮನೆಗೆ ನಾನು ಕಾಲಿಟ್ಟದ್ದೇ ಅಂದು. ಕಳ್ಳ ಎನಿಸಿಕೊಂಡು ಕೆಲಸ ಶುರು ಮಾಡುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಳಗೆ ಅವರ ಮಗಳು ವಿಜಯಾ, ಅಳುತ್ತಿದ್ದ ಕೂಸಿಗೆ ಗಾಳಿ ಬೀಸುತ್ತ ಕುಳಿತಿದ್ದಳು. ಅವಳ ಮುಖ ನೋಡಿ ಕೆಲಸಕ್ಕೆ ಕೈ ಹಾಕಿದೆ.

ಫಿಲ್ಟರ್ ತೊಳೆದೆ, ಕಾಯಿಲ್ ಮೇಲಿನ ಧೂಳು ತೆಗೆದೆ, ನೀರು ಹೋಗುವ ಪೈಪು ಊದಿದೆ. ಗ್ಯಾಸ್ ಒತ್ತಡ ಸರಿಯಾಗಿಯೇ ಇತ್ತು. ಗೇಜು ತೋರಿಸಿದರೆ ಬಸವರಾಜಪ್ಪನವರು ಅತ್ತ ನೋಡಲೂ ಇಲ್ಲ. ಹಿತ್ತಲಿಗೆ ಹೋದಾಗ ರೋಗ ತಿಳಿಯಿತು. ಔಟ್‌ಡೋರ್ ಯೂನಿಟ್, ಎಂದರೆ ಕೋಣೆಯ ಸೆಕೆಯನ್ನು ಹೊರಗೆ ಚೆಲ್ಲುವ ಪೆಟ್ಟಿಗೆ, ಎರಡು ಮನೆಗಳ ನಡುವಿನ ಸಂದಿಯಲ್ಲಿತ್ತು. ಅದರ ಮುಖಕ್ಕೇ ಆಚೆ ಮನೆಯವರು ತಗಡು ಹೊಡೆಸಿದ್ದರು. ಬಿಸಿ ಗಾಳಿ ತಗಡಿಗೆ ಬಡಿದು ಮರಳಿ ಪೆಟ್ಟಿಗೆಗೇ ನುಗ್ಗಿ, ಯಂತ್ರ ಕಾದು ತಾನಾಗಿ ನಿಲ್ಲುತ್ತಿತ್ತು.

ತಗಡು ತೆಗೆಯಲು ಹೇಳೋಣವೆಂದು ಆಚೆ ಮನೆಗೆ ಹೋದೆ. ಅದು ಬಸವರಾಜಪ್ಪನವರ ಅಣ್ಣನ ಮನೆ. ಅಣ್ಣತಮ್ಮಂದಿರು ಮಾತು ಬಿಟ್ಟು ಯಾವ ಕಾಲವಾಗಿತ್ತೋ. ಸಂದಿಯ ಕಡೆಯ ಕಿಟಕಿಗೆ ಹೊಂದಿಕೊಂಡ ಮಂಚದ ಮೇಲೆ ಅವರಿಬ್ಬರ ತಾಯಿ ಗೌರಮ್ಮ ಮಲಗಿದ್ದರು. ಕಾಲಿನ ಸ್ವಾಧೀನ ಹೋಗಿತ್ತು, ಬಾಯಿ ಗಟ್ಟಿಯಿತ್ತು.

"ತಗಡು ಹೊಡಸಿದಾಕಿ ನಾನ. ಮುಟ್ಟಿದ್ರ ಕೈ ಮುರೀತೀನಿ. ಅದನ್ನ ತಗದ್ರ ಆ ಉರಿ ಗಾಳಿ ನನ್ನ ಮಕಕ್ಕ ಹೊಡೀತೈತಿ."

ಹಿಂದಿರುಗಿ, ಯೂನಿಟ್ಟನ್ನು ಮಾಳಿಗೆ ಮೇಲೆ ಏರಿಸೋಣ ಎಂದೆ.

"ನನ್ನ ಗೋಡಿ, ನನ್ನ ಮಷಿನ್. ಯಾಕ ಏರಸ್ಲಿ? ತಗಡು ಕಿತ್ತು ಒಗೀರಿ," ಎಂದರು ಬಸವರಾಜಪ್ಪ.

"ಅಲ್ಲಿ ನಿಮ್ಮ ಅವ್ವಾರು ಮಲಗ್ಯಾರ್ರೀ."

"ಗೊತ್ತೈತಿ."

ನನಗೆ ಆ ಮನುಷ್ಯನ ಮೇಲೆ ಹೇಸಿಕೆಯಾಯಿತು. ನಟ್ಟು ಬಿಚ್ಚುವ ಪಾನಾವನ್ನು ನನ್ನ ಸಾಮಾನಿನ ಚೀಲಕ್ಕೆ ಎಸೆದು, ಬೇರೆಯವರನ್ನು ಕರೆಸಿಕೊಳ್ಳಿ ಎಂದೆ. ಅವರು ಬಾಯಿಗೆ ಬಂದಂತೆ ಬೈದರು. ನಾನೂ ಕಡಿಮೆ ಬೈಯಲಿಲ್ಲ. ಅಷ್ಟರಲ್ಲಿ ವಿಜಯಾ ಕೂಸನ್ನು ಎತ್ತಿಕೊಂಡು ಎದ್ದಳು.

"ಅಪ್ಪಾ, ನಾನೂ ಇವನೂ ಆಯಿ ಕೋಲ್ಯಾಗ ಮಲಗತೀವಿ. ಈಗ ತಗಸ್ರಿ ತಗಡು."

ಅಷ್ಟು ಹೇಳಿ ಆಚೆ ಮನೆಗೆ, ಅಜ್ಜಿಯ ಕೋಣೆಗೆ ನಡೆದೇಬಿಟ್ಟಳು.

ಮರುದಿನ ಬಸವರಾಜಪ್ಪನವರ ಫೋನ್ ಬಂತು. "ಮ್ಯಾಲೇ ಏರಸ್ರಿ." ಬೇರೆ ಮಾತಿಲ್ಲ. ಹೋಗಿ ಏರಿಸಿದೆ. ಆ ಬಿಸಿಲಲ್ಲಿ ನೀರು ಬೇಕೇ ಎಂದೂ ಅವರು ಕೇಳಲಿಲ್ಲ. ಯಂತ್ರ ಮಾತ್ರ ನಿಲ್ಲದೆ ಓಡಿತು.

ಎಸಿ ಸೆಕೆಯನ್ನು ಇಲ್ಲವಾಗಿಸುವುದಿಲ್ಲ, ಒಂದು ಕಡೆಯದನ್ನು ಒಯ್ದು ಇನ್ನೊಂದು ಕಡೆ ಹಾಕುತ್ತದೆ. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಹಿತ್ತಲಿಗೆ ಹೋಗಿ ಬಿಸಿ ಗಾಳಿ ಯಾರ ಕಡೆ ಬೀಸುತ್ತದೆಂದು ನೋಡುತ್ತೇನೆ, ಫಿಲ್ಟರ್ ಆಮೇಲೆ.

ಯೂನಿಟ್ ಏರಿಸಿದ ದಿನ ಹೊರಡುವಾಗ ಗೌರಮ್ಮನವರ ಕಿಟಕಿಯ ಬಳಿ ಹೋಗಿ, ನಿಮ್ಮ ಮಗ ಯಂತ್ರ ಮೇಲೆ ಹಾಕಿಸಿದ್ದಾರೆ, ಇನ್ನು ತಗಡು ಬಿಚ್ಚಲೇ ಎಂದು ಕೇಳಿದೆ. ಅವರು ಗೋಡೆ ಕಡೆ ಹೊರಳಿದರು.

"ತನ್ನ ಮೊಮ್ಮಗನ ಸಲುವಾಗಿ ಏರಸ್ಯಾನ. ತಗಡು ಅಲ್ಲೇ ಇರ್ಲಿ."